ನಾಲ್ಕು ತಾಲೂಕಿನ ಕಿವಿ

ಹೋದ ತಿಂಗಳು ಸವಣೂರಿನಲ್ಲಿ ತೀರಿಕೊಂಡ ಮಿಸ್ತ್ರಿಯವರ ಬಗ್ಗೆ ಬರೆಯಲು ನನಗಿಂತ ಯೋಗ್ಯರು ಬಹಳ ಜನ ಇದ್ದಾರೆ. ಅವರಲ್ಲಿ ಯಾರೂ ಬರೆಯುವುದಿಲ್ಲವೆಂದು ಖಾತ್ರಿಯಾದ ಮೇಲೆ ನಾನು ಕೂತಿದ್ದೇನೆ. ಕಂಡವರನ್ನೆಲ್ಲ ಅಣಕಿಸುವುದು ನನ್ನ ಚಾಳಿ. ಹಾನಗಲ್ಲಿನ ಬಸ್ ಸ್ಟ್ಯಾಂಡ್ ಎದುರಿನ ಚಹಾದಂಗಡಿಯಲ್ಲಿ ನನ್ನನ್ನು ಕೇಳಿದರೆ ಕಂಡಕ್ಟರ್ ಸಿಗುತ್ತಾನೆ, ತಲಾಠಿ ಸಿಗುತ್ತಾನೆ, ಪಂಚೆ ಎತ್ತಿಕೊಂಡು ಕೆಸರು ದಾಟುವ ನಮ್ಮಪ್ಪ ಸಿಗುತ್ತಾನೆ. ಕಾಲೇಜಿಗೆ ಹೋಗಿ ಅರ್ಧಕ್ಕೆ ತಿರುಗಿ ಬಂದು, ಅದಕ್ಕೆ ಕಾರಣ ಹೇಳುವ ನಾನೂ ಸಿಗುತ್ತೇನೆ. ಈ ಕೊನೆಯದಕ್ಕೆ ಬೇಡಿಕೆ ಕಡಿಮೆ.

ಎಲ್ಲಕ್ಕಿಂತ ಹೆಚ್ಚು ಬೇಡಿಕೆ ಇದ್ದದ್ದು ಮಿಸ್ತ್ರಿಗೆ.

ಕಾಲೇಜು ಬಿಟ್ಟ ಮೇಲೆ ನಾನು ಕೂತದ್ದು ನಮ್ಮ ಮನೆಯ ಟ್ರ್ಯಾಕ್ಟರಿನ ಸೀಟಿನ ಮೇಲೆ. ಬೂದು ಬಣ್ಣದ ವಿಲಾಯ್ತಿ ಗಾಡಿ, ನನಗಿಂತ ವಯಸ್ಸಿನಲ್ಲಿ ಹಿರಿಯದು. ಪೆಟ್ರೋಲಿನಲ್ಲಿ ಚಾಲೂ ಮಾಡಿ, ಬಿಸಿಯಾದ ಮೇಲೆ ಸೀಮೆಎಣ್ಣೆಗೆ ತಿರುಗಿಸಬೇಕು. ಉಳಿದವರೆಲ್ಲ ಡೀಸೆಲ್ ಕೊಂಡಿದ್ದರು. ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು, ಈ ನಾಲ್ಕು ತಾಲೂಕಿನಲ್ಲಿ ಇಂಥ ಸೀಮೆಎಣ್ಣೆ ಗಾಡಿ ಏಳು ಉಳಿದಿದ್ದವು. ಏಳಕ್ಕೂ ಮಿಸ್ತ್ರಿ ಒಬ್ಬರೇ. ಅಂಗಡಿ ಇರಲಿಲ್ಲ, ಬೋರ್ಡು ಇರಲಿಲ್ಲ. ಒಂದು ಕ್ಯಾನ್ವಾಸ್ ಚೀಲ ಹೆಗಲಿಗೆ ಹಾಕಿಕೊಂಡು ಬಸ್ಸಿನಲ್ಲಿ ತಿರುಗುತ್ತಿದ್ದರು.

ಆ ಗಾಡಿಗಳ ರೋಗ ಒಂದೇ. ಎಂಜಿನ್ನಿನ ಪಕ್ಕದಲ್ಲಿ ಒಂದು ಕರಿ ಟೋಪಿ ಇರುತ್ತದೆ. ಟೋಪಿ ತೆಗೆದರೆ ಒಳಗೆ ಎರಡು ಪುಟ್ಟ ಲೋಹದ ಗುಂಡಿ, ಅವಕ್ಕೆ ಪಾಯಿಂಟ್ ಅನ್ನುತ್ತಾರೆ. ಅವು ತಾಕಿ ಬಿಟ್ಟಾಗಲೆಲ್ಲ ಒಂದು ಸಿಲಿಂಡರಿಗೆ ಕಿಡಿ ಹೋಗುತ್ತದೆ. ಅವುಗಳ ನಡುವಿನ ಸಂದಿ ಇಷ್ಟೇ ಇರಬೇಕೆಂದು ಲೆಕ್ಕ. ಧೂಳು, ಎಣ್ಣೆ, ಸವೆತ ಸೇರಿ ಸಂದಿ ಕೆಡುತ್ತದೆ. ಕೆಟ್ಟರೆ ಎಂಜಿನ್ ಕುಂಟುತ್ತದೆ. ಸಂದಿ ಅಳೆಯುವ ಉಕ್ಕಿನ ಪಟ್ಟಿ ಮಿಸ್ತ್ರಿಯ ಹತ್ತಿರ ಒಂದಿತ್ತಂತೆ, ಅದು ಹುಲಗೂರಿನ ಒಂದು ಬಾವಿಯಲ್ಲಿದೆ. ಅಲ್ಲಿಂದ ಮುಂದೆ ಅವರು ಲಗ್ನಪತ್ರಿಕೆಯಲ್ಲಿ ಅಳೆಯುತ್ತಿದ್ದರು.

ಸುಳ್ಳಲ್ಲ. ಯಾರ ಮನೆಯಲ್ಲಿ ಲಗ್ನಪತ್ರಿಕೆ ಕೊಟ್ಟರೂ ಮೊದಲು ಹೆಬ್ಬೆರಳು ತೋರುಬೆರಳಿನ ನಡುವೆ ಇಟ್ಟು ತಿಕ್ಕಿ ನೋಡುತ್ತಿದ್ದರು. ಹುಡುಗ ಯಾರು, ಹುಡುಗಿ ಯಾರು, ಅಕ್ಕಿಕಾಳು ಬೀಳುವುದು ಎಲ್ಲಿ ಎಂಬುದೆಲ್ಲ ಆಮೇಲೆ. ದಪ್ಪ ಸರಿಯಿದ್ದರೆ ಮುಖ ಅರಳುತ್ತಿತ್ತು, ಮನೆಯವರು ತಮ್ಮ ಮಗಳ ಸಂಬಂಧಕ್ಕೆ ಸಂತೋಷಪಟ್ಟರೆಂದು ತಿಳಿಯುತ್ತಿದ್ದರು. ಅಕ್ಕನ ಲಗ್ನದ ಪತ್ರಿಕೆ ಕೊಟ್ಟಾಗ ನಮ್ಮಪ್ಪನಿಗೆ ಅವರು ಹೇಳಿದ್ದು ಇಷ್ಟು: "ಇದು ತೆಳು ಆತ್ರಿ ಅಣ್ಣಾರ. ಎರಡು ಕೂಡ್ಸಿ ಹಾಕಬೇಕಾಗ್ತೈತಿ." ಅಪ್ಪ ಒಂದು ವಾರ ಬೀಗರ ಬಗ್ಗೆ ಚಿಂತೆ ಮಾಡಿದ.

ಪತ್ರಿಕೆಯಲ್ಲಿ ಅಳೆದದ್ದು ಬರೀ ಅಂದಾಜು. ಅಸಲು ಕೆಲಸ ಕಿವಿಯದು. ಎಂಜಿನ್ ಚಾಲೂ ಮಾಡಿಸಿ, ಕಣ್ಣು ಮುಚ್ಚಿ, ಟೋಪಿಯ ಬುಡವನ್ನು ಕೂದಲೆಳೆಯಷ್ಟು ಆಚೆ ಈಚೆ ತಿರುಗಿಸಿ, ಒಂದು ಕಡೆ ನಿಲ್ಲಿಸುತ್ತಿದ್ದರು. ಅಲ್ಲಿಂದ ಮುಂದೆ ಗಾಡಿ ಅಕ್ಕಿ ಗಿರಣಿಯ ಹಾಗೆ ಒಂದೇ ಸಮನೆ ನಡೆಯುತ್ತಿತ್ತು. ಒಂದು ಸಲ ಹಿರೇಕೆರೂರಿನ ಬಸ್ಸಿನಲ್ಲಿ ಹೋಗುತ್ತಿದ್ದವರು ಹಂಸಭಾವಿ ಇನ್ನೂ ದೂರವಿರುವಾಗಲೇ ಕಂಡಕ್ಟರನಿಗೆ ಹೇಳಿ ಇಳಿದು, ಹೊಲ ದಾಟಿ, ಅಲ್ಲಿನ ಸಾವ್ಕಾರರ ಗಾಡಿಯ ಮುಂದೆ ಹೋಗಿ ನಿಂತಿದ್ದರು. ಬಸ್ಸಿನ ಕಿಟಕಿಯಿಂದ ಅದು ಕುಂಟುವುದು ಕೇಳಿಸಿತ್ತಂತೆ. ಸಾವ್ಕಾರರೇ ಹೇಳಿದ ಕತೆ. ಮಿಸ್ತ್ರಿಯನ್ನು ಕೇಳಿದರೆ, ಟಿಕೀಟು ಹಂಸಭಾವಿಯವರೆಗೆ ತೆಗೆಸಿದ್ದೆ, ಅರ್ಧ ದಾರಿ ವ್ಯರ್ಥವಾಯಿತು ಎಂದರು.

ನಾನು ಅವರನ್ನು ಪರೀಕ್ಷೆ ಮಾಡದೆ ಬಿಡುವುದುಂಟೇ. ಮೊದಲ ವರ್ಷವೇ, ಅವರು ಅಪ್ಪನ ಜೊತೆ ಕಟ್ಟೆಯ ಮೇಲೆ ಚಹಾ ಕುಡಿಯುತ್ತಿರುವಾಗ, ಬಣವೆಯ ಹಿಂದೆ ಕೂತು ಬಾಯಲ್ಲಿ ಟ್ರ್ಯಾಕ್ಟರ್ ಹೊಡೆದೆ. ನಾಲ್ಕರಲ್ಲಿ ಒಂದು ಸಿಲಿಂಡರ್ ಬಿಟ್ಟ ಟ್ರ್ಯಾಕ್ಟರ್. ಇದಕ್ಕೆ ಹದಿನೈದು ದಿನ ಅಭ್ಯಾಸ ಮಾಡಿದ್ದೆ. ಅಪ್ಪ ಎದ್ದು ನಿಂತ. ಮಿಸ್ತ್ರಿ ಬಸಿಯಿಂದ ಒಂದು ಗುಟುಕು ಹೀರಿ ಹೇಳಿದರು: "ಮೂರನೇದ್ದು ಬಿಟ್ಟೈತ್ರಿ. ಗಾಡೀದಲ್ಲ. ನಿಮ್ಮ ಮಗನ ಮುಂದಿನ ಹಲ್ಲಿನಾಗ ಸಂದಿ ಐತಿ, ಅಲ್ಲಿಂದ ಗಾಳಿ ಸೋರತೈತಿ."

ಆಮೇಲೆ ಕರೆದು, ಕಿಸೆಯಿಂದ ಯಾರದೋ ಲಗ್ನಪತ್ರಿಕೆಯ ತುಂಡು ತೆಗೆದು, ನನ್ನ ಹಲ್ಲಿನ ಸಂದಿಗೆ ಹಾಕಿ ನೋಡಿದರು. ಎರಡು ಹಿಡಿಯುತ್ತದೆ ಎಂದರು.

ಹೀಗೆ ನಮ್ಮ ಸ್ನೇಹ ಆಯಿತು. ಅವರು ನನ್ನನ್ನು ನಕಲಿ ಎಂದು ಕರೆದರು, ನಾನು ಅವರನ್ನು ಹಾನಗಲ್ಲಿನಲ್ಲಿ ಮಾಡಿ ತೋರಿಸಿದೆ. ತಿಕ್ಕುವ ಬೆರಳು, ಮುಚ್ಚಿದ ಕಣ್ಣು, ಓರೆ ಮಾಡಿದ ಕತ್ತು. ಅವರಿಗೆ ವಯಸ್ಸು ಎಂಬತ್ತು ದಾಟಿದ ಮೇಲೆ ಇದಕ್ಕೆ ಹೊಸದೊಂದು ಸೇರಿತು. ಮಿಸ್ತ್ರಿ ಈಗ ಉದ್ದನೆಯ ಸ್ಕ್ರೂಡ್ರೈವರಿನ ಮರದ ಹಿಡಿಯನ್ನು ಹಲ್ಲಿನಲ್ಲಿ ಕಚ್ಚಿ, ತುದಿಯನ್ನು ಎಂಜಿನ್ನಿನ ಮೈಗೆ ಒತ್ತಿ, ನೀರು ಕುಡಿಯುವ ಕೊಕ್ಕರೆಯ ಹಾಗೆ ಬಾಗಿ ನಿಲ್ಲುತ್ತಿದ್ದರು. ಇದು ಅವರ ಹೊಸ ಶೋಕಿ ಎಂದು ನಾನು ತಿಳಿದೆ. ಚಹಾದಂಗಡಿಯಲ್ಲಿ ಚಮಚವನ್ನು ಕಚ್ಚಿ ಬೆಂಚಿಗೆ ಒತ್ತಿ ಕೊಕ್ಕರೆಯಾಗಿ ನಿಂತೆ. ಜನ ಚಹಾ ಚೆಲ್ಲಿಕೊಂಡು ನಕ್ಕರು. ನನ್ನ ಜೀವಮಾನದ ಯಶಸ್ಸು ಅದು. ಎರಡು ವರ್ಷ ಅದನ್ನೇ ನಡೆಸಿದೆ.

ಒಂದು ದಿನ ಹಳೆಯ ಆಟ ಮತ್ತೆ ಆಡುವ ಮನಸ್ಸಾಯಿತು. ಮಿಸ್ತ್ರಿ ಕಟ್ಟೆಯ ಮೇಲೆ ಒಬ್ಬರೇ ಕೂತಿದ್ದರು. ಬಣವೆಯ ಹಿಂದಿನಿಂದ ಮೂರನೆಯದು ಬಿಟ್ಟ ಟ್ರ್ಯಾಕ್ಟರ್ ಹೊಡೆದೆ. ಬಸಿ ಅಲ್ಲಾಡಲಿಲ್ಲ. ನನ್ನನ್ನು ಸತಾಯಿಸುತ್ತಿದ್ದಾರೆ ಎಂದುಕೊಂಡು ಹತ್ತಿರ ಬಂದು ಹೊಡೆದೆ. ಕೊನೆಗೆ ಅವರ ಬೆನ್ನಿನ ಹಿಂದೆ ಎರಡು ಮೊಳದ ದೂರದಲ್ಲಿ ನಿಂತು, ಹಲ್ಲಿನ ಸಂದಿಯಿಂದ ಉಗುಳು ಹಾರುವ ಹಾಗೆ ಹೊಡೆದೆ. ಅವರು ನಿಧಾನವಾಗಿ ಬಸಿ ಕೆಳಗಿಟ್ಟು, ಅದರಲ್ಲಿದ್ದ ಇರುವೆಯನ್ನು ಬೆರಳಿನಿಂದ ತೆಗೆದು ಬಿಟ್ಟರು.

ಸ್ಕ್ರೂಡ್ರೈವರ್ ಯಾಕೆ ಹಲ್ಲಿಗೆ ಹೋಯಿತು ಎಂಬುದು ಆಗ ತಿಳಿಯಿತು. ಎದುರಿಗೆ ಕೂತು ಗಟ್ಟಿಯಾಗಿ ಮಾತಾಡಿದರೆ ಅವರಿಗೆ ತಿಳಿಯುತ್ತಿತ್ತು. ಬೆನ್ನ ಹಿಂದಿನದು, ಸಣ್ಣದು ಹೋಗಿಬಿಟ್ಟಿತ್ತು. ಎಂಜಿನ್ ತಪ್ಪುವ ಸದ್ದು ಸಣ್ಣದು. ಈಗ ಅದು ಅವರಿಗೆ ಎಲುಬಿನ ಮೂಲಕ ಬರುತ್ತಿತ್ತು, ಬಂದಷ್ಟು. ಏಳು ಗಾಡಿಯವರಲ್ಲಿ ಒಬ್ಬರಿಗೆ ಗೊತ್ತಾದರೂ ಕಿವುಡ ಮಿಸ್ತ್ರಿಯನ್ನು ಯಾರು ಕರೆಯುತ್ತಾರೆ. ಅವರ ಬದುಕೆಲ್ಲ ಕಿವಿಯ ಮೇಲೆ ನಿಂತದ್ದು.

ನಾನು ಯಾರಿಗೂ ಹೇಳಲಿಲ್ಲ. ಒಳ್ಳೆಯತನವೆಂದು ತಿಳಿಯಬೇಡಿ, ಹೇಳಿದ್ದರೆ ಎರಡು ವರ್ಷ ನಾನು ಯಾವುದರ ನಕಲು ಮಾಡಿ ನಗಿಸಿದ್ದೆ ಎಂಬುದನ್ನೂ ಹೇಳಬೇಕಾಗುತ್ತಿತ್ತು. ಕೊಕ್ಕರೆಯ ಆಟ ಮಾತ್ರ ನಿಲ್ಲಿಸಿದೆ. ಸೊಂಟ ನೋವು ಎಂದೆ.

ಅದೇ ವರ್ಷ ಮಳೆಗಾಲದ ಮುಂಚೆ ಮಿಸ್ತ್ರಿ ಹುಬ್ಬಳ್ಳಿಯಿಂದ ಒಂದು ಡಬ್ಬಿ ತಂದರು. ಸಾಬೂನಿನಷ್ಟು, ಕರಿ ಬಣ್ಣದ್ದು, ನಾಲ್ಕೂ ಕಡೆ ಮುಚ್ಚಿದ್ದು. ಎಲೆಕ್ಟ್ರಾನಿಕ್ ಇಗ್ನಿಷನ್ ಎಂದರು. ಕಾರಿಗೆ ಮಾಡಿದ್ದು. ಅದರ ಜೊತೆಗೆ ನಮ್ಮ ಗಾಡಿಯ ಅಳತೆಗೆ ಲೇಥಿನಲ್ಲಿ ಕಡೆಸಿದ ಒಂದು ಬಳೆ. ಬಳೆಯಲ್ಲಿ ನಾಲ್ಕು ಸಿಲಿಂಡರಿಗೆ ನಾಲ್ಕು ಅಯಸ್ಕಾಂತ. ಪಾಯಿಂಟ್ ತೆಗೆದು ಇದನ್ನು ಕೂಡಿಸಿದರೆ ತಾಕುವುದಿಲ್ಲ, ಸವೆಯುವುದಿಲ್ಲ, ಸಂದಿ ಇಲ್ಲ, ಸೆಟ್ಟಿಂಗ್ ಇಲ್ಲ. ಮೊದಲು ನಿಮ್ಮ ಗಾಡಿಗೆ ಹಾಕುತ್ತೇನೆ, ನಡೆದರೆ ಉಳಿದ ಆರಕ್ಕೂ ಎಂದರು.

ಅಪ್ಪ ಹಿಂದೆ ಕನ್ನಡ ಶಾಲೆಯ ಮಾಸ್ತರನಾಗಿದ್ದವನು. ಅವನ ದನಿ ಎರಡು ಹೊಲ ದಾಟುತ್ತದೆ, ಆದ್ದರಿಂದ ಮಿಸ್ತ್ರಿಗೆ ಅವನ ಜೊತೆ ಎಂದೂ ತೊಂದರೆಯಾಗಿರಲಿಲ್ಲ. ಡಬ್ಬಿಯನ್ನು ತಿರುಗಿಸಿ ನೋಡಿ ಕೇಳಿದ.

"ಕೆಟ್ರ ಬಿಚ್ಚೂದು ಹ್ಯಾಂಗ ಇದನ್ನ?"

"ಬಿಚ್ಚಾಕ ಬರಂಗಿಲ್ರಿ."

"ಮತ್ತ ರಿಪೇರಿ?"

"ರಿಪೇರಿ ಇಲ್ರಿ ಅದಕ್ಕ."

"ಹಂಗಾರ ಮಿಸ್ತ್ರಿ, ನಿನ್ನನ್ನ ಯಾಕ ಕರೀಬೇಕು ನಾವು?"

ಮಿಸ್ತ್ರಿ ಡಬ್ಬಿಯನ್ನು ಇಸಿದುಕೊಂಡು ತಿರುಗಿ ಚೀಲಕ್ಕೆ ಹಾಕಿದರು. "ಚಹಾಕ್ಕ ಕರೀರಿ," ಎಂದರು.

ತನ್ನ ಹೊಟ್ಟೆಯ ಮೇಲೆ ತಾನೇ ಹೊಡೆದುಕೊಳ್ಳುವ ಮನುಷ್ಯನನ್ನು ನಂಬಬಾರದೆಂದು ಅಪ್ಪ ಅವ್ವನಿಗೆ ಎರಡು ಹೊಲ ಕೇಳುವ ಹಾಗೆ ಹೇಳಿದ. ನನಗೆ ಲೆಕ್ಕ ತಿಳಿದಿತ್ತು. ಕಿವಿ ಪೂರಾ ಹೋಗುವುದರ ಒಳಗೆ ಏಳೂ ಗಾಡಿಗೆ ಡಬ್ಬಿ ಕೂಡಿಸಿದರೆ, ಮುಂದೆ ಯಾವ ಗಾಡಿಯೂ ಅವರ ಕಿವಿ ಕೇಳುವುದಿಲ್ಲ. ಕಿವುಡನೆಂದು ಬಿಡಿಸಿಕೊಳ್ಳುವ ಬದಲು ಕೆಲಸ ಮುಗಿಯಿತೆಂದು ಬಿಡಬಹುದು. ನಾನು ಅಪ್ಪನ ತಲೆ ತಿಂದು ಒಪ್ಪಿಸಿದೆ. ಗಾಡಿ ನಡೆಸುವವನು ನಾನು, ವಾರಕ್ಕೊಮ್ಮೆ ಹೊಲದ ನಡುವೆ ಟೋಪಿ ಬಿಚ್ಚುವವನೂ ನಾನು ಎಂದೆ.

ಕೂಡಿಸುವ ದಿನ ಒಂದು ತೊಡಕು ಬಂತು. ಆ ವಿಲಾಯ್ತಿಯವರು ಬ್ಯಾಟರಿಯ ಪ್ಲಸ್ ತುದಿಯನ್ನು ಗಾಡಿಯ ಮೈಗೆ ಕಟ್ಟಿದ್ದರು. ಡಬ್ಬಿಗೆ ಮೈನಸ್ ತುದಿ ಮೈಗೆ ಬೇಕು. ಉಲ್ಟಾ ಆದರೆ ಆ ಕ್ಷಣಕ್ಕೆ ಸುಡುತ್ತದೆ. ಮಿಸ್ತ್ರಿ ಬ್ಯಾಟರಿ ತಿರುಗಿಸಿದರು, ಕಾಯಿಲಿನ ವೈರು ಅದಲು ಬದಲು ಮಾಡಿದರು, ಡೈನಮೋಕ್ಕೆ ಒಂದು ವೈರು ತಾಕಿಸಿ ತೆಗೆದು, ಇಷ್ಟು ವರ್ಷ ಒಂದು ದಿಕ್ಕಿಗೆ ನಡೆದದ್ದಕ್ಕೆ ಇನ್ನೊಂದು ದಿಕ್ಕು ಕಲಿಸಿದರು. ಕೊನೆಗೆ ಪ್ಲಸ್ ತುದಿಗೆ ಕೆಂಪು ಬಣ್ಣ ಬಳಿದು ನನಗೆ ಮೂರು ಸಲ ಹೇಳಿದರು: "ನಕಲೀ, ಕೆಂಪು ಮೈಗೆ ಹೋಗಬಾರ್ದು. ಏನ ಮರತ್ರೂ ಇದನ್ನ ಮರೀಬ್ಯಾಡ."

ಆಮೇಲೆ ಚಾಲೂ ಮಾಡಿಸಿ, ಕೊನೆಯ ಸಲ ಎಂಬಂತೆ ಟೋಪಿಯ ಬುಡ ಹಿಡಿದು, ಸ್ಕ್ರೂಡ್ರೈವರ್ ಕಚ್ಚಿ ಬಾಗಿದರು. ನೋಡಲು ಬಂದಿದ್ದ ನೆರೆಮನೆಯವನು ನನ್ನನ್ನು ತಿವಿದು, "ಥೇಟ್ ನೀ ಮಾಡಿದಂಗ ಮಾಡ್ತಾರಲೇ," ಎಂದ. ನಾನು ಗಾಡಿಯ ಚಕ್ರದ ನಟ್ಟು ಎಣಿಸಿದೆ.

ಬಿತ್ತನೆ ಮುಗಿಯಿತು. ಮಳೆಯಲ್ಲಿ ತೊಯ್ದರೂ ಗಾಡಿ ಒಂದು ಹೊಡೆತ ತಪ್ಪಲಿಲ್ಲ. ಸ್ವಿಚ್ ಒತ್ತಿದರೆ ಸಾಕು, ಚಾಲೂ. ಅಪ್ಪ ಹಾನಗಲ್ಲಿನ ಸಂತೆಯಲ್ಲಿ ಡಬ್ಬಿ ತರಿಸಿದ್ದು ತಾನೇ ಎಂದು ಹೇಳತೊಡಗಿದ. ಒಕ್ಕಣೆಯ ಹೊತ್ತಿಗೆ ಸ್ವತಃ ಬಂದು ನೋಡುವುದಾಗಿಯೂ, ಸರಿ ಕಂಡರೆ ತಮ್ಮ ಗಾಡಿಗೂ ಹಾಕಿಸುವುದಾಗಿಯೂ ಹಂಸಭಾವಿಯ ಸಾವ್ಕಾರರು ಮಾತು ಕೊಟ್ಟರು. ಅವರು ಹಾಕಿಸಿದರೆ ಉಳಿದ ಐವರೂ ಹಾಕಿಸುತ್ತಾರೆ. ಅವರ ಮಾತಿಗೆ ಅಷ್ಟು ಬೆಲೆ.

ಮಹಾನವಮಿ ಬಂತು. ನಾನು ಬ್ಯಾಟರಿ ಬಿಚ್ಚಿ ಹಾನಗಲ್ಲಿಗೆ ಒಯ್ದು ಚಾರ್ಜ್ ಮಾಡಿಸಿ ತಂದೆ. ಆಯುಧಪೂಜೆಗೆ ಕುಡಗೋಲು, ಪಿಕಾಸಿ, ಸ್ಪ್ಯಾನರುಗಳ ಸಾಲಿನಲ್ಲಿ ಅದನ್ನೂ ಮಣೆಯ ಮೇಲೆ ಕೂಡಿಸಿದೆವು. ಅಪ್ಪ ಶಿಸ್ತಿನ ಮನುಷ್ಯ. ಬ್ಯಾಟರಿಯ ಮೈಮೇಲೆ ಮೂರು ಬೆರಳಿನಲ್ಲಿ ವಿಭೂತಿ ಎಳೆದ, ಪ್ಲಸ್ಸು ಮೈನಸ್ಸು ಎರಡೂ ಗುರುತು ಅದರ ಅಡಿಗೆ ಹೋದವು. ಆಮೇಲೆ ಕುಂಕುಮ. ಒಂದು ತುದಿಗೆ ಹಚ್ಚಿ ಇನ್ನೊಂದಕ್ಕೆ ಬಿಟ್ಟರೆ ಭೇದ ಮಾಡಿದಂತಾಗುತ್ತದೆ, ಆದ್ದರಿಂದ ಎರಡಕ್ಕೂ ಧಾರಾಳವಾಗಿ ಹಚ್ಚಿದ. ಎರಡೂ ತುದಿ ಕೆಂಪಾದವು.

ನಾನು ಬ್ಯಾಟರಿಯನ್ನು ಎತ್ತಿ ಗಾಡಿಯಲ್ಲಿಟ್ಟೆ. ತಲೆಯನ್ನು ಕೇಳಿದ್ದರೆ ಒರೆಸಿ ನೋಡು ಎನ್ನುತ್ತಿತ್ತು. ನಾನು ಕೈಯನ್ನು ಕೇಳಿದೆ. ವರ್ಷಗಟ್ಟಲೆ ಕಟ್ಟಿದ ಕೈ, ಹಳೆಯ ರೂಢಿಯಂತೆ ಪ್ಲಸ್ಸನ್ನು ಮೈಗೆ ಕಟ್ಟಿತು. ಹೂವಿನ ಹಾರ ಹಾಕಿ, ನಿಂಬೆಹಣ್ಣು ಚಕ್ರದ ಕೆಳಗಿಟ್ಟು, ಸ್ವಿಚ್ ಒತ್ತಿದೆ. ಟೋಪಿಯ ಕೆಳಗಿಂದ ಸಣ್ಣ ಹೊಗೆ ಬಂತು, ಶೇಂಗಾದ ಸಿಪ್ಪೆ ಸುಟ್ಟ ವಾಸನೆಯದು. ಊದಿನಕಡ್ಡಿಯ ಹೊಗೆಯಲ್ಲಿ ಯಾರೂ ಗಮನಿಸಲಿಲ್ಲ. ನಿಂಬೆಹಣ್ಣು ಹಾಗೆಯೇ ಉಳಿಯಿತು.

"ಡಬ್ಬಿ ಹೋತು," ಎಂದೆ ಅಪ್ಪನಿಗೆ. ಯಾರಿಂದ ಹೋಯಿತು ಎಂದು ಹೇಳಲಿಲ್ಲ. ಹೇಳದಿರುವುದು ಎಷ್ಟು ಸುಲಭ ಎಂದರೆ, ಸುಮ್ಮನೆ ಬಾಯಿ ಮುಚ್ಚಿಕೊಂಡರೆ ಸಾಕು. ಬಿಚ್ಚಲಾಗದ ವಸ್ತುವನ್ನು ನಂಬಬಾರದೆಂದು ತಾನು ಮೊದಲೇ ಹೇಳಿದ್ದೆ ಎಂದು ಅಪ್ಪ ಸಂತೆಯಲ್ಲಿ ಹೇಳಿದ. ಸಂತೆಯಿಂದ ಸುದ್ದಿ ಹುಲಗೂರಿಗೂ ಹಂಸಭಾವಿಗೂ ಹೋಯಿತು.

ಭತ್ತ ಕಣಕ್ಕೆ ಬಂದ ದಿನ ಮಿಸ್ತ್ರಿ ಬಂದರು. ಅದೇ ದಿನ ಹಂಸಭಾವಿಯ ಸಾವ್ಕಾರರೂ ಮೋಟರ್ ಸೈಕಲ್ ಮೇಲೆ ಬಂದರು. ಮೋಡ ಕಟ್ಟಿತ್ತು, ಕಣದಲ್ಲಿ ಹರಡಿದ ಭತ್ತದ ಮೇಲೆ ಗಾಡಿ ಸುತ್ತಿಸಿ ಸಂಜೆಯ ಒಳಗೆ ಒಕ್ಕಬೇಕು. ಮಿಸ್ತ್ರಿ ಡಬ್ಬಿಯನ್ನು ಮೂಸಿದರು. ಬ್ಯಾಟರಿಯ ತುದಿ ಎರಡನ್ನೂ ಹೆಬ್ಬೆರಳಿನಿಂದ ಒರೆಸಿದರು. ಬೆರಳಿಗೆ ಹತ್ತಿದ ಕುಂಕುಮ ನೋಡಿದರು. ನಂತರ ನನ್ನನ್ನು ನೋಡಿದರು. ಡಬ್ಬಿ ಕೆಟ್ಟದ್ದೇ ಇತ್ತೋ ಹೇಗೆ ಎಂದು ಅಪ್ಪ ಎಲ್ಲರ ಮುಂದೆ ಕೇಳಿದಾಗ, "ಸುಟ್ಟೈತ್ರಿ," ಎಂದಷ್ಟೇ ಹೇಳಿ, ಚೀಲದಿಂದ ಹಳೆಯ ಪಾಯಿಂಟಿನ ತಟ್ಟೆ ತೆಗೆದರು. ಎಣ್ಣೆ ಬಟ್ಟೆಯಲ್ಲಿ ಸುತ್ತಿ ಜೋಪಾನ ಮಾಡಿದ್ದರು.

ಬ್ಯಾಟರಿ, ಕಾಯಿಲು, ಡೈನಮೋ ಎಲ್ಲ ನೇರ ಮಾಡಿ, ತಟ್ಟೆ ಕೂಡಿಸಿ, ಲಗ್ನಪತ್ರಿಕೆಯಲ್ಲಿ ಸಂದಿ ಹಿಡಿದು, ನನಗೆ ಚಾಲೂ ಮಾಡಲು ಸನ್ನೆ ಮಾಡಿದರು. ಗಾಡಿ ಕುಂಟುತ್ತ ಎದ್ದಿತು. ಮಿಸ್ತ್ರಿ ಸ್ಕ್ರೂಡ್ರೈವರ್ ಕಚ್ಚಿ ಬಾಗಿದರು. ಆ ಸದ್ದಿನಲ್ಲಿ ಅವರಿಗೆ ಬೇರೆ ಯಾವುದೂ ಕೇಳಿಸುತ್ತಿರಲಿಲ್ಲ. ಸುತ್ತ ನಿಂತವರು ಮೊದಲು ಅವರನ್ನು, ಆಮೇಲೆ ನನ್ನನ್ನು ನೋಡಿ ಕಿಸಿದರು. ಸಾವ್ಕಾರರು ಮೋಟರ್ ಸೈಕಲ್ಲಿನ ಸ್ಟ್ಯಾಂಡ್ ತೆಗೆಯುತ್ತ ಅಪ್ಪನಿಗೆ ಹೇಳಿದರು: "ನಮ್ಮ ಗಾಡಿಗೆ ಹಳೇದ ಇರ್ಲಿ ಬಿಡ್ರಿ. ಮಿಸ್ತ್ರಿ ಕಿವಿ ಇರೂತನಕ ನಮಗೇನು ಕಾಳಜಿ."

ಈ ಮಾತು ಮಿಸ್ತ್ರಿಗೆ ಕೇಳಿಸಲಿಲ್ಲ. ನನಗೆ ಕೇಳಿಸಿತು.

ನಾನು ಇಳಿದು ಹೋಗಿ ಮೋಟರ್ ಸೈಕಲ್ಲಿಗೆ ಅಡ್ಡ ನಿಂತೆ. ಮಾತಾಡಿದರೆ ಮಿಸ್ತ್ರಿಗೆ ತಿಳಿಯುವುದಿಲ್ಲ. ಅವರಿಗೆ ಕಾಣುವಂತೆ ತಪ್ಪು ಒಪ್ಪಿಕೊಳ್ಳಬೇಕಿತ್ತು. ನನಗೆ ಬರುವುದು ಒಂದೇ ವಿದ್ಯೆ. ಕಣದ ನಡುವೆ ನಿಂತು, ಬಾಯಿ ಬಿಡದೆ, ನನ್ನ ನಕಲು ಮಾಡಿದೆ. ಎದೆ ಸೆಟೆಸಿ ಬ್ಯಾಟರಿ ಹೊತ್ತು ತರುವ ನಾನು. ವಿಭೂತಿ ಎಳೆದು, ಈ ತುದಿಗೂ ಆ ತುದಿಗೂ ಕುಂಕುಮ ಹಚ್ಚುವ ಅಪ್ಪ. ಎರಡನ್ನೂ ನೋಡಿ, ತಲೆ ಕೆರೆದು, ಕೆಂಪು ತುದಿಯನ್ನು ಮೈಗೆ ಕಟ್ಟಿ ಮೀಸೆ ತಿರುವುವ ನಾನು. ಸ್ವಿಚ್. ಹೊಗೆ. ಅತ್ತ ಇತ್ತ ನೋಡಿ, ಹೊಗೆಯನ್ನು ಊದಿನಕಡ್ಡಿಯ ಕಡೆ ತಳ್ಳಿ, ಏನೂ ಗೊತ್ತಿಲ್ಲದವನ ಹಾಗೆ ಕೈ ಕಟ್ಟಿ ನಿಲ್ಲುವ ನಾನು.

ಜನ ನಕ್ಕರು. ಸಾವ್ಕಾರರು ನಗಲಿಲ್ಲ, ಸ್ಟ್ಯಾಂಡ್ ಮತ್ತೆ ಹಾಕಿದರು. ಡಬ್ಬಿಯದು ತಪ್ಪಿಲ್ಲ ಎಂಬುದು ಅವರಿಗೆ ಮುಟ್ಟಿತ್ತು. ಅಪ್ಪನಿಗೂ ಮುಟ್ಟಿತ್ತು, ಅವನ ದನಿ ಎಂಜಿನ್ನಿನ ಸದ್ದನ್ನೂ ಮೀರಿತು: "ಬಾಯಿಲೆ ಹೇಳಾಕ ಏನಾಗಿತ್ತೋ ನಿನಗ?"

"ಬಾಯಿಲೆ ಹೇಳಿದ್ರ ಯಾರು ನಂಬ್ತಾರಪ್ಪಾ ನನ್ನ," ಎಂದೆ. ಅದನ್ನು ಎಲ್ಲರೂ ಒಪ್ಪಿದರು.

ಮಿಸ್ತ್ರಿ ಸ್ಕ್ರೂಡ್ರೈವರನ್ನು ಬಾಯಿಂದ ತೆಗೆದು, ಎಲ್ಲ ನೋಡಿ, ನನ್ನ ಹತ್ತಿರ ಬಂದರು. ಬೈಯುತ್ತಾರೆ ಎಂದು ಕಾದೆ.

"ಹೊಗಿ ಎಡಗಡೆಯಿಂದ ಬರತೈತಿ," ಎಂದರು. "ನೀ ಬಲಗಡೆ ತೋರ್ಸಿದಿ."

ಸಂಜೆಯ ಒಳಗೆ ಒಕ್ಕಣೆ ಮುಗಿಯಿತು. ಮುಂದಿನ ಎರಡು ವರ್ಷದಲ್ಲಿ ನಮ್ಮದೂ ಸೇರಿ ಏಳೂ ಗಾಡಿಗೆ ಡಬ್ಬಿ ಬಂತು. ಪ್ರತಿ ಬ್ಯಾಟರಿಯ ಪ್ಲಸ್ ತುದಿಗೆ ಮಿಸ್ತ್ರಿ ಹಸಿರು ಬಣ್ಣ ಬಳಿದರು. ಹಸಿರು ಕುಂಕುಮ ಇನ್ನೂ ಯಾರೂ ಮಾಡಿಲ್ಲ. ಕೊನೆಯದನ್ನು ಕೂಡಿಸಿದ ಮೇಲೆ ವಯಸ್ಸಾಯಿತೆಂದು ಹೇಳಿ ಸವಣೂರಿನ ಮನೆಯಲ್ಲಿ ಕೂತರು. ನಾಲ್ಕು ತಾಲೂಕು ಅದನ್ನು ನಂಬಿತು. ಕಿವಿ ಮಾತ್ರ ಕೊನೆಯತನಕ ಚುರುಕಿತ್ತು ಎಂದು ಅವರಿಗೆ ಮಣ್ಣು ಕೊಡಲು ಬಂದಿದ್ದ ಸಾವ್ಕಾರರು ಎಲ್ಲರಿಗೂ ಹೇಳುತ್ತಿದ್ದರು. ನಾನು ತಲೆ ಆಡಿಸಿದೆ.

ಹೋದ ವರ್ಷ ನನ್ನ ಲಗ್ನಪತ್ರಿಕೆ ಕೊಡಲು ಅವರ ಮನೆಗೆ ಹೋಗಿದ್ದೆ. ರೂಢಿಯಂತೆ ಬೆರಳಲ್ಲಿ ತಿಕ್ಕಿ ನೋಡಿದರು. ಸರಿಯಾಗಿದೆ ಎಂದು ತಲೆಯಾಡಿಸಿದರು. ಹಾನಗಲ್ಲಿನ ಛಾಪಖಾನೆಯಲ್ಲಿ ಅರ್ಧ ದಿನ ಕೂತು ಕಾಗದ ಆರಿಸಿದ್ದೆ ಎಂದು ನಾನು ಹೇಳಲಿಲ್ಲ. ಅವರಿಗೆ ಈಗ ಯಾವುದೂ ಕೇಳಿಸುತ್ತಿರಲಿಲ್ಲ. ಚಹಾ ಕುಡಿದೆವು. ಎದ್ದು ಹೊರಟಾಗ ಅವರೇ ಹೇಳಿದರು.

"ಬಸ್ಸಿನ ಕಿಟಕಿಯಿಂದ ನೋಡೇನಿ ನಿನ್ನ, ಚಹಾದಂಗಡ್ಯಾಗ. ಚಮಚ ಕಚಗೊಂಡು ನಿಂತಿದ್ದಿ. ಮುಂದಿನ ಹಲ್ಲಿಲೆ ಹಿಡೀತಿ ನೀ. ಮುಂದಿನ ಹಲ್ಲಿನಾಗ ಏನೂ ಕೇಳಂಗಿಲ್ಲ ತಮ್ಮಾ. ದವಡಿ ಹಲ್ಲಿಲೆ ಹಿಡಿ. ಎಡಗಡೆ."

ನಾನು ಚಪ್ಪಲಿ ಹುಡುಕಿದೆ. ಅವು ಕಾಲಲ್ಲೇ ಇದ್ದವು.

ಮಣ್ಣು ಮುಗಿಸಿ ಬಂದ ಮರುದಿನ ಚಹಾದಂಗಡಿಯಲ್ಲಿ ಮಿಸ್ತ್ರಿಯನ್ನು ಮಾಡಿ ತೋರಿಸು ಎಂದರು. ಬಸ್ಸಿನ ಕಿಟಕಿ ಮಾಡಿದೆ, ಪತ್ರಿಕೆ ತಿಕ್ಕುವ ಬೆರಳು ಮಾಡಿದೆ. ಕೊಕ್ಕರೆ ಕೇಳಿದರು. ಅಭ್ಯಾಸ ತಪ್ಪಿದೆ ಎಂದೆ.

ಮನೆಗೆ ಬಂದು ಗಾಡಿ ಚಾಲೂ ಮಾಡಿದೆ. ಹಿತ್ತಲಲ್ಲಿ ಯಾರೂ ಇರಲಿಲ್ಲ. ಉದ್ದನೆಯ ಸ್ಕ್ರೂಡ್ರೈವರಿನ ಹಿಡಿಯನ್ನು ಎಡಗಡೆಯ ದವಡೆ ಹಲ್ಲಿನಲ್ಲಿ ಕಚ್ಚಿ, ತುದಿಯನ್ನು ಎಂಜಿನ್ನಿಗೆ ಒತ್ತಿ, ಎರಡೂ ಕಿವಿ ಮುಚ್ಚಿಕೊಂಡು ಬಾಗಿದೆ. ಮೊದಲು ಹಲ್ಲು ಜುಮ್ಮೆಂದಿತು. ಆಮೇಲೆ ಸಿಲಿಂಡರುಗಳ ಹೊಡೆತ ತಲೆಯ ಒಳಗೇ ಒಂದೊಂದಾಗಿ ಬಂದವು, ನಾಲ್ಕೂ ಬೇರೆ ಬೇರೆ.

ಮೂರನೆಯದು ಸ್ವಲ್ಪ ತಪ್ಪುತ್ತಿತ್ತು. ಯಾರಿಗೆ ಹೇಳುವುದೆಂದು ತಿಳಿಯಲಿಲ್ಲ.